ತಿರುಗಿ ಬರುವ ನಲವತ್ತು ದಿನ

(ತಪಸ್ಸುಕಾಲದ ಮೊದಲ ವಾರದಲ್ಲಿ ಆಡಿದ ಮಾತುಗಳ ಬರಹ ರೂಪ)

"ಈ ಸಲ ಏನು ಬಿಡ್ತೀರಾ ಸಾರ್?"

ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಪ್ರತಿ ವರ್ಷ ಈ ಪ್ರಶ್ನೆ ಕೇಳುತ್ತಾರೆ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತು ಅಂದರೆ ಏನಾದರೂ ಬಿಡಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಒಬ್ಬಳು ಚಾಕೊಲೇಟ್ ಬಿಡುತ್ತಾಳೆ. ಒಬ್ಬ ಮೊಬೈಲ್ ಗೇಮ್ ಬಿಡುತ್ತಾನೆ. ದೊಡ್ಡವರು ಮಾಂಸ ಬಿಡುತ್ತಾರೆ, ಸಿಗರೇಟು ಬಿಡುತ್ತಾರೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹತ್ತು ವರ್ಷದ ಮಗು ತನಗೆ ತುಂಬಾ ಇಷ್ಟವಾದದ್ದನ್ನು ದೇವರಿಗೋಸ್ಕರ ನಲವತ್ತು ದಿನ ಮುಟ್ಟದೆ ಇರುವುದು ಸಣ್ಣ ಮಾತಲ್ಲ.

ಆದರೆ ಹೋದ ವರ್ಷ ಒಬ್ಬ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು. "ಬಿಟ್ಟಾಯ್ತು ಸಾರ್. ಆಮೇಲೆ?" ಅವತ್ತು ನಾನು ಏನೋ ಒಂದು ಉತ್ತರ ಕೊಟ್ಟೆ. ಸರಿಯಾದ ಉತ್ತರ ಕೊಡಲಿಲ್ಲ ಅಂತ ಮನಸ್ಸಿನಲ್ಲಿ ಉಳಿಯಿತು. ಇವತ್ತಿನ ಮಾತು ಅವಳಿಗೆ ಕೊಡಬೇಕಾಗಿದ್ದ ಉತ್ತರ ಅಂತ ಇಟ್ಟುಕೊಳ್ಳಿ.

ಮೊದಲು ಬೂದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ನಮ್ಮ ಹಣೆಗೆ ಹಚ್ಚಿದ ಆ ಬೂದಿ ಎಲ್ಲಿಂದ ಬಂತು? ಯೇಸು ಯೆರೂಸಲೇಮಿಗೆ ಬಂದದ್ದನ್ನು ನೆನೆಯುವ ಹೋದ ವರ್ಷದ ಗರಿಗಳ ಭಾನುವಾರ ನಾವು ಹಿಡಿದ ಗರಿಗಳಿಂದ. ಅವತ್ತು ಅವು ಹಸಿರಾಗಿದ್ದವು. "ಹೊಸಾನ್ನ" ಅಂತ ಜೈಕಾರ ಹಾಡುತ್ತಾ ಎತ್ತಿ ಬೀಸಿದ್ದೆವು. ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿದೆವು. ಒಣಗಿ ಹಳದಿಯಾಯಿತು, ಧೂಳು ಹಿಡಿಯಿತು. ಅದನ್ನೇ ವಾಪಸ್ ತಂದು ಕೊಟ್ಟೆವು. ಗರಿ ಸುಡುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಚಟಚಟ ಅಂತ ಒಂದೇ ಕ್ಷಣ ಜೋರಾಗಿ ಉರಿಯುತ್ತದೆ, ಅಷ್ಟೇ. ಒಂದು ದೊಡ್ಡ ಕಟ್ಟು ಸುಟ್ಟರೂ ಸಿಗುವುದು ಒಂದು ಹಿಡಿ. ಜರಡಿ ಹಿಡಿದರೂ ಸುಡದೆ ಉಳಿದ ನಾರಿನ ಚೂರು ಒಂದೆರಡು ಇದ್ದೇ ಇರುತ್ತವೆ. ಗುರುಗಳ ಹೆಬ್ಬೆರಳು ಹಣೆಗೆ ತಾಗಿದಾಗ ಚುರುಕ್ ಅನ್ನುವುದು ಅದೇ.

ಯೇಸುವನ್ನು ಜೈಕಾರ ಹಾಕಿ ಬರಮಾಡಿಕೊಂಡ ಗುಂಪಿನಲ್ಲಿ ನಾವೂ ಇದ್ದೆವು. ಆ ಜೈಕಾರ ನಮ್ಮ ಕೈಯಲ್ಲಿ ಒಂದು ವರ್ಷದಲ್ಲಿ ಏನಾಯಿತು ಅನ್ನೋದನ್ನು ಧರ್ಮಸಭೆ ನಮ್ಮ ಹಣೆಯ ಮೇಲೇ ತೋರಿಸುತ್ತದೆ. ನನಗಂತೂ ಇದಕ್ಕಿಂತ ಪ್ರಾಮಾಣಿಕವಾದ ಗುರುತು ಇನ್ನೊಂದು ಕಾಣುವುದಿಲ್ಲ.

ಬೂದಿ ಹಚ್ಚುವಾಗ ಗುರುಗಳು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ್ದು: ನೀನು ಮಣ್ಣು, ಮಣ್ಣಿಗೇ ಮರಳುವೆ ಎಂಬುದನ್ನು ನೆನಪಿಡು. ಇನ್ನೊಂದು ಯೇಸುವಿನ ಬದುಕನ್ನು ಹೇಳುವ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದ್ದು, ಯೇಸುಸ್ವಾಮಿ ಬೋಧನೆ ಶುರು ಮಾಡಿದಾಗ ಆಡಿದ ಮಾತು: ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬಿರಿ. ಮೊದಲನೆಯದು ನಮ್ಮ ಸ್ಥಿತಿ. ಎರಡನೆಯದು ಕರೆ.

ಈ "ಪಶ್ಚಾತ್ತಾಪ" ಅನ್ನೋ ಮಾತನ್ನು ನಾವು ಸುಮ್ನೆ ಹೇಳಿಬಿಡುತ್ತೇವೆ. ಒಡೆದು ನೋಡಿದರೆ "ಪಶ್ಚಾತ್" ಅಂದರೆ ಆಮೇಲೆ, "ತಾಪ" ಅಂದರೆ ಬೇಗೆ. ತಪ್ಪು ಮಾಡಿದ ಮೇಲೆ ಒಳಗೆ ಬೇಯುವುದು. "ತಪಸ್ಸು" ಅನ್ನೋ ಮಾತೂ ಅದೇ ಬೇರಿನದ್ದು. ಕನ್ನಡದಲ್ಲಿ ನಮ್ಮ ಈ ಕಾಲದ ಹೆಸರಿಗೂ ಅದರ ಕೆಲಸಕ್ಕೂ ಒಂದೇ ಬೆಂಕಿ. ಈ ಹೊಂದಿಕೆ ನನಗೆ ತುಂಬಾ ಇಷ್ಟ.

ಆದರೆ ಬೈಬಲಿನ ಭಾಷೆಗಳಲ್ಲಿ ಈ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೀಬ್ರೂ ಭಾಷೆಯಲ್ಲಿ ಪ್ರವಾದಿಗಳು ಬಳಸುವ ಕ್ರಿಯಾಪದ "ಶೂಬ್". ಅದರ ಅರ್ಥ ತಿರುಗು, ಹಿಂದಿರುಗು. ದಾರಿ ತಪ್ಪಿದವನು ನಿಂತು, ಮೈ ತಿರುಗಿಸಿ, ಬಂದ ದಾರಿಯಲ್ಲೇ ವಾಪಸ್ ನಡೆಯುತ್ತಾನಲ್ಲ, ಅದಕ್ಕೆ ಬಳಸುವ ಮಾತು. ಬೂದಿ ಬುಧವಾರದ ಮೊದಲ ವಾಚನದಲ್ಲಿ ಪ್ರವಾದಿ ಯೋವೇಲ ಕೂಗುವುದು ಇದನ್ನೇ: ಪೂರ್ಣ ಹೃದಯದಿಂದ ನನ್ನ ಬಳಿಗೆ ತಿರುಗಿಕೊಳ್ಳಿ, ಹರಿದುಕೊಳ್ಳಬೇಕಾದ್ದು ನಿಮ್ಮ ಬಟ್ಟೆಯನ್ನಲ್ಲ, ಹೃದಯವನ್ನು. ಹೊಸ ಒಡಂಬಡಿಕೆಯ ಗ್ರೀಕ್ ಮಾತು "ಮೆತನೋಯಿಯ". ಅಂದರೆ ಮನಸ್ಸೇ ಬದಲಾಗುವುದು.

ಬೇಯುವುದು ಒಂದು. ತಿರುಗುವುದು ಇನ್ನೊಂದು. ಬೇಯುತ್ತಾ ಬೇಯುತ್ತಾ ನಿಂತಲ್ಲೇ ನಿಂತುಬಿಡಬಹುದು. ಎಷ್ಟೋ ವರ್ಷ ನಿಲ್ಲಬಹುದು. ಇದನ್ನು ನಾನು ಓದಿ ಕಲಿಯಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಯೇಸುವಿನ ಶಿಷ್ಯರಾದ ಯೂದ ಮತ್ತು ಪೇತ್ರ, ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿ. ಒಂದೇ ರಾತ್ರಿ ಇಬ್ಬರೂ ಗುರುವನ್ನು ಕೈಬಿಟ್ಟರು: ಯೂದ ದುಡ್ಡಿಗೆ ಹಿಡಿದುಕೊಟ್ಟ, ಪೇತ್ರ ಕೋಳಿ ಕೂಗುವ ಮುಂಚೆ ಮೂರು ಸಲ ಅವರು ಗೊತ್ತೇ ಇಲ್ಲ ಅಂದ. ಇಬ್ಬರಿಗೂ ಆಮೇಲೆ ಸಂಕಟವಾಯಿತು. ಯೂದನಿಗೆ ಪಶ್ಚಾತ್ತಾಪವೇ ಆಗಲಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಮತ್ತಾಯನ ಶುಭಸಂದೇಶ ಹಾಗೆ ಹೇಳುವುದಿಲ್ಲ. 27ನೇ ಅಧ್ಯಾಯ ತೆಗೆದು ನೋಡಿ. ಯೂದ ಪರಿತಪಿಸಿದ. 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದ. "ನಿರ್ದೋಷಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ" ಅಂತ ಬಾಯಿಬಿಟ್ಟು ಹೇಳಿದ. ದುಃಖ ಇತ್ತು, ತಪ್ಪೊಪ್ಪಿಗೆ ಇತ್ತು, ದುಡ್ಡೂ ವಾಪಸ್ ಬಂತು. ಆದರೆ ಅವನು ಹೋದದ್ದು ಯಾರ ಹತ್ತಿರ? ಮುಖ್ಯ ಯಾಜಕರ ಹತ್ತಿರ. ಅವರು, "ನಮಗೇನು? ಅದು ನಿನ್ನ ಪಾಡು" ಅಂದುಬಿಟ್ಟರು. ಈ ಮಾತು ಓದುವಾಗ ಪ್ರತಿ ಸಲ ನನಗೆ ಎದೆ ಹಿಂಡಿದ ಹಾಗಾಗುತ್ತದೆ. ಪಾಪ ಹೊತ್ತುಕೊಂಡು ಬಂದವನಿಗೆ ಅದಕ್ಕಿಂತ ಕಠಿಣವಾದ ಮಾತು ಇರಲಾರದು. ಯೇಸು ಆಗ ಇನ್ನೂ ಬದುಕಿದ್ದರು. ಯೂದ ಅವರ ಕಡೆ ತಿರುಗಲಿಲ್ಲ. ಅವನ ಕೊನೆಯ ಗತಿ ದೇವರಿಗೆ ಬಿಟ್ಟದ್ದು. ಧರ್ಮಸಭೆ ಎಷ್ಟೋ ಜನರನ್ನು ಸಂತರೆಂದು ಸಾರಿದೆ, ಆದರೆ ಇಂಥವರು ನರಕದಲ್ಲಿದ್ದಾರೆ ಅಂತ ಹೆಸರು ಹಿಡಿದು ಒಬ್ಬರ ಬಗ್ಗೆಯೂ ಸಾರಿಲ್ಲ.

ಇನ್ನು ಪೇತ್ರ. ಅವನು ಏನನ್ನೂ ವಾಪಸ್ ಕೊಡಲಿಲ್ಲ, ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ಕೋಳಿ ಕೂಗಿತು. ಆಗ ಲೂಕ ಒಂದೇ ಒಂದು ಸಾಲು ಬರೆಯುತ್ತಾನೆ: ಪ್ರಭು ಹಿಂತಿರುಗಿ ಪೇತ್ರನನ್ನು ನೋಡಿದರು. ಮೊದಲು ತಿರುಗಿದ್ದು ಪೇತ್ರ ಅಲ್ಲ. ಯೇಸು! ಕೈ ಕಟ್ಟಿಸಿಕೊಂಡು, ಹೊಡೆತ ತಿನ್ನಲು ಹೊರಟವರು ತಿರುಗಿ ನೋಡಿದರು. ಪೇತ್ರ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಯೋವಾನ್ನನ ಶುಭಸಂದೇಶದಲ್ಲಿ ಇನ್ನೊಂದು ವಿವರ ಇದೆ. ಪೇತ್ರ "ನಾನವನಲ್ಲ" ಅಂದದ್ದು ಇದ್ದಿಲ ಬೆಂಕಿಯ ಮುಂದೆ, ಚಳಿ ಕಾಯಿಸಿಕೊಳ್ಳುತ್ತಾ. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಯೇಸು ಶಿಷ್ಯರಿಗಾಗಿ ಕಾಯುತ್ತಿದ್ದಾಗಲೂ ಅಲ್ಲಿ ಇದ್ದಿಲ ಬೆಂಕಿ ಇತ್ತು. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಎಲ್ಲಿ ಬಿದ್ದಿದ್ದನೋ ಅಂಥದ್ದೇ ಜಾಗಕ್ಕೆ ಕರೆತಂದು ಎಬ್ಬಿಸಿದರು. ಮನಪರಿವರ್ತನೆ ಅಂದರೆ ನಾವು ಹಲ್ಲು ಕಚ್ಚಿ ಮಾಡುವ ಸಾಹಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ಪ್ರಯತ್ನ ಬೇಕು, ನಿಜ. ಆದರೆ ನಾವು ತಿರುಗುವ ಹೊತ್ತಿಗೆ ದೇವರು ಆಗಲೇ ನಮ್ಮ ಕಡೆ ತಿರುಗಿ ನೋಡುತ್ತಿರುತ್ತಾರೆ.

ಇತಿಹಾಸದ ಮಾತು ಸ್ವಲ್ಪ. 325ರಲ್ಲಿ ಧರ್ಮಾಧ್ಯಕ್ಷರು, ಅಂದರೆ ಬಿಷಪರು, ಸೇರಿದ ನಿಸೆಯ ಮಹಾಸಭೆಯ ಐದನೇ ನಿಯಮದಲ್ಲೇ ಪಾಸ್ಕಕ್ಕೆ ಮುಂಚಿನ ನಲವತ್ತು ದಿನಗಳ ಪ್ರಸ್ತಾಪ ಬರುತ್ತದೆ. ಈ ಕಾಲವನ್ನು ಆಗ ಎರಡು ಗುಂಪಿನವರು ಮುಖ್ಯವಾಗಿ ಆಚರಿಸುತ್ತಿದ್ದರು. ಒಂದು, ಪಾಸ್ಕ ಜಾಗರಣೆಯ ರಾತ್ರಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಲು ಸಿದ್ಧರಾಗುತ್ತಿದ್ದವರು. ಸಂತ ಅಗಸ್ಟೀನರು 387ರ ತಪಸ್ಸುಕಾಲವನ್ನು ಮಿಲಾನ್ ನಗರದಲ್ಲಿ ಹೀಗೇ ಕಳೆದು, ಆ ಪಾಸ್ಕದ ರಾತ್ರಿ ಅಲ್ಲಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದರು. ಎರಡನೆಯ ಗುಂಪು, ದೀಕ್ಷಾಸ್ನಾನ ಆದಮೇಲೆ ಘೋರ ಪಾಪ ಮಾಡಿ, ಪ್ರಾಯಶ್ಚಿತ್ತ ಮಾಡುತ್ತಿದ್ದವರು. ಅವರು ಎಲ್ಲರ ಜೊತೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸುವಂತಿರಲಿಲ್ಲ. ರೋಮ್‌ನಲ್ಲಿ ಪಾಸ್ಕಕ್ಕೆ ಮುಂಚಿನ ಪವಿತ್ರ ಗುರುವಾರ ಅವರನ್ನು ಮತ್ತೆ ಒಳಗೆ ಸೇರಿಸಿಕೊಳ್ಳುತ್ತಿದ್ದರು. ಬೂದಿ ಮೊದಲು ಈ ಪ್ರಾಯಶ್ಚಿತ್ತದವರ ಗುರುತಾಗಿತ್ತು. ಬರುಬರುತ್ತಾ ಉಳಿದವರೂ ತಲೆ ಬಾಗಿಸಿದರು. 1091ರಲ್ಲಿ ಇಟಲಿಯ ಬೆನೆವೆಂತೋದಲ್ಲಿ ಸೇರಿದ ಸಭೆ ಎಲ್ಲರೂ ಬೂದಿ ಧರಿಸಬೇಕು ಅಂದಿತು. ಗುರುಗಳಿಗೂ ಬೂದಿ, ಪೋಪರಿಗೂ ಬೂದಿ. ಇವತ್ತಿಗೂ ಹಾಗೇ.

ಅದೇ ಅಂಬ್ರೋಸರ ಇನ್ನೊಂದು ಘಟನೆ ಹೇಳಲೇಬೇಕು. 390ರಲ್ಲಿ ಥೆಸಲೋನಿಕದಲ್ಲಿ ಜನ ದಂಗೆಯೆದ್ದು ಒಬ್ಬ ಸೇನಾಧಿಕಾರಿಯನ್ನು ಕೊಂದರು. ಸಿಟ್ಟಿಗೆದ್ದ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಸೇಡು ತೀರಿಸಲು ಆಜ್ಞೆ ಕೊಟ್ಟ. ಆಮೇಲೆ ಮನಸ್ಸು ಬದಲಿಸಿದರೂ ತಡವಾಗಿತ್ತು. ಸಾವಿರಾರು ಜನ ಸತ್ತರು. ಧರ್ಮಾಧ್ಯಕ್ಷ ಅಂಬ್ರೋಸರು ಅವನಿಗೆ ಒಂದು ಪತ್ರ ಬರೆದರು, ತಮ್ಮ ಕೈಯಾರೆ, ಅವನೊಬ್ಬನೇ ಓದಲಿ ಅಂತ. ಅದರ ತಿರುಳು ಇಷ್ಟೇ: ನೀನು ಪಶ್ಚಾತ್ತಾಪಪಡುವ ತನಕ ನಿನ್ನ ಎದುರಿಗೆ ನಾನು ಬಲಿಪೂಜೆ ಅರ್ಪಿಸಲಾರೆ. ಚಕ್ರವರ್ತಿ ರಾಜಚಿಹ್ನೆಗಳನ್ನು ತೆಗೆದಿಟ್ಟು, ದೇವಾಲಯದಲ್ಲಿ ಎಲ್ಲರ ಮುಂದೆ ಅತ್ತು ಕ್ಷಮೆ ಬೇಡಿದ. 395ರಲ್ಲಿ ಅವನು ತೀರಿಕೊಂಡಾಗ ಅಂಬ್ರೋಸರು ಅವನ ಈ ಕಣ್ಣೀರನ್ನು ಹೊಗಳಿದರು. ಧರ್ಮಸಭೆಯಲ್ಲಿ ನೀರೂ ಇದೆ, ಕಣ್ಣೀರೂ ಇದೆ ಅಂದವರು ಅವರೇ. ದೀಕ್ಷಾಸ್ನಾನದ ನೀರು, ಪಶ್ಚಾತ್ತಾಪದ ಕಣ್ಣೀರು.

ಉಪವಾಸದ ನಿಯಮ ನಿಮಗೆಲ್ಲ ಗೊತ್ತಿರುವುದೇ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಹೊಟ್ಟೆ ತುಂಬಾ ಊಟ ಒಂದೇ ಸಲ. 18 ವರ್ಷ ತುಂಬಿದವರಿಗೆ, 59 ತುಂಬಿ 60ಕ್ಕೆ ಕಾಲಿಡುವ ತನಕ. ಮಾಂಸ ವರ್ಜನೆ 14 ವರ್ಷದಿಂದ. ಕಾಯಿಲೆಯವರು, ಗರ್ಭಿಣಿಯರು ಹಟ ಮಾಡಿ ಉಪವಾಸ ಇರಬೇಕಾಗಿಲ್ಲ. ನಲವತ್ತರ ಲೆಕ್ಕ ಕೇಳುವವರಿಗೆ: ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ದಿನದ ತನಕ 46 ದಿನ, ಅದರಲ್ಲಿ 6 ಭಾನುವಾರ ಕಳೆಯಿರಿ. ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸ ಇಲ್ಲ.

ನಿಯಮ ಇಷ್ಟು ಸಣ್ಣದು. ಆದರೆ ಉಪವಾಸ ಯಾಕೆ ಅಂತ ಪ್ರವಾದಿ ಯೆಶಾಯನನ್ನು ಕೇಳಿದರೆ ಅವನು ಸುಲಭಕ್ಕೆ ಬಿಡುವವನಲ್ಲ. 58ನೇ ಅಧ್ಯಾಯದಲ್ಲಿ ದೇವರು ಕೇಳುತ್ತಾರೆ: ಉಪವಾಸದ ದಿನವೇ ನಿಮ್ಮ ಕೂಲಿಯಾಳುಗಳನ್ನು ಹಿಂಡುತ್ತೀರಿ, ಜಗಳಾಡುತ್ತೀರಿ, ಗುದ್ದಾಡುತ್ತೀರಿ, ಇದೂ ಒಂದು ಉಪವಾಸವೇ? ಹಸಿದವರಿಗೆ ನಿನ್ನ ಅನ್ನ ಹಂಚು. ನಿನ್ನ ರಕ್ತಸಂಬಂಧಿಗೆ ಮುಖ ತಪ್ಪಿಸಿಕೊಳ್ಳಬೇಡ. ಈ ಕೊನೆಯ ಮಾತು ನನ್ನನ್ನು ತುಂಬಾ ವರ್ಷ ಚುಚ್ಚಿದೆ. ಐದನೇ ಶತಮಾನದಲ್ಲಿ ರಾವೆನ್ನದ ಧರ್ಮಾಧ್ಯಕ್ಷರಾಗಿದ್ದ ಸಂತ ಪೀಟರ್ ಕ್ರಿಸೊಲೊಗಸರು, ಉಪವಾಸ ಪ್ರಾರ್ಥನೆಯ ಆತ್ಮ, ಕರುಣೆ ಉಪವಾಸದ ಜೀವ ಅಂದರು. ಕರುಣೆ ಇಲ್ಲದ ಉಪವಾಸ ಬರೀ ಹಸಿವು.

ಈಗ ಪಾಪನಿವೇದನೆಗೆ, ಅಂದರೆ ಗುರುಗಳ ಹತ್ತಿರ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೆ, ಬರುತ್ತೇನೆ. ತಪಸ್ಸುಕಾಲದ ನಡುಗಂಬ ಇದೇ ಅಂತ ನನ್ನ ಅಭಿಪ್ರಾಯ. 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕು, ಪಾಸ್ಕದ ಹೊತ್ತಿಗೆ ಪರಮಪ್ರಸಾದ ಸ್ವೀಕರಿಸಬೇಕು ಅಂತ ವಿಧಿಸಿತು. ಅದು ಕನಿಷ್ಠ ಮಟ್ಟ. ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಈ ಮೂರು ನಮ್ಮ ಪಾಲು. ಗುರುಗಳ ಬಾಯಿಂದ ಬರುವ ಪಾಪವಿಮೋಚನೆ ದೇವರ ಪಾಲು. ಅಲ್ಲಿ ಹೇಳಿದ್ದನ್ನು ಗುರುಗಳು ಜೀವ ಹೋದರೂ ಹೊರಗೆ ಆಡುವ ಹಾಗಿಲ್ಲ. ಆ ಕಟ್ಟು ಅವರಿಗೆ. ನನ್ನ ತಪ್ಪನ್ನು ನಾನು ಹೇಳಿಕೊಳ್ಳಬಹುದು. ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಮನೆ ಪಾಲು ಮಾಡುವಾಗ, ನೆಂಟರೆಲ್ಲ ಕೂತಿದ್ದಾಗ, ನಾನು ಅಣ್ಣನಿಗೆ "ಅಪ್ಪನ ದುಡ್ಡು ಎಲ್ಲಿ ಬಚ್ಚಿಟ್ಟಿದ್ದೀಯ?" ಅಂತ ಕೇಳಿದೆ. ಅವನು ಏನೂ ಬಚ್ಚಿಟ್ಟಿರಲಿಲ್ಲ. ಆಸ್ಪತ್ರೆಯ ಖರ್ಚಿಗೆ ಎಲ್ಲ ಹೋಗಿತ್ತು, ಮೇಲೆ ಅವನೇ ಸಾಲ ಮಾಡಿದ್ದ. ನನಗೆ ಅದು ಗೊತ್ತಾದದ್ದು ಎರಡು ತಿಂಗಳ ನಂತರ. ಗೊತ್ತಾದಾಗ ಬೆಂದು ಹೋದೆ. ಆದರೆ ಹೋಗಿ ಮಾತಾಡಲಿಲ್ಲ. ಹೀಗೆ ಆರು ವರ್ಷ. ಆರು ತಪಸ್ಸುಕಾಲ ನಾನು ತಪ್ಪದೆ ಉಪವಾಸ ಇದ್ದೆ. ಶುಕ್ರವಾರ ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮಾಡಿದೆ. ಪಾಪನಿವೇದನೆಯಲ್ಲಿ ಪ್ರತಿ ವರ್ಷ "ನನಗೆ ಕೋಪ ಬರುತ್ತೆ, ಕೆಲವರ ಬಗ್ಗೆ ತಪ್ಪಾಗಿ ಮಾತಾಡಿದ್ದೇನೆ" ಅಂತ ಹೇಳಿ ಎದ್ದು ಬರುತ್ತಿದ್ದೆ.

ಆರನೇ ವರ್ಷ ಒಬ್ಬ ವಯಸ್ಸಾದ ಗುರುಗಳಿದ್ದರು. ನಾನು ಹೇಳಿ ಮುಗಿಸಿದೆ. ಅವರು ಮೆಲ್ಲಗೆ, "ಯಾರ ಬಗ್ಗೆ?" ಅಂದರು.

ನನಗೆ ಉತ್ತರ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಜಾಲರಿಯ ಆ ಕಡೆ ಅವರು ಉಸಿರಾಡುವುದು ಕೇಳುತ್ತಿತ್ತು. ಅವರು ಅವಸರ ಮಾಡಲಿಲ್ಲ. "ಅಣ್ಣನ ಬಗ್ಗೆ" ಅಂದೆ. ಆಮೇಲೆ ಎಲ್ಲ ಬಂತು. "ಕೆಲವರು" ಅನ್ನೋ ಆ ಒಂದು ಮಾತಿನ ಹಿಂದೆ ನಾನು ಆರು ವರ್ಷ ಅಡಗಿಕೊಂಡಿದ್ದೆ. ಪ್ರವಾದಿ ನಾತಾನ ತನ್ನ ಪಾಪ ಮುಚ್ಚಿಟ್ಟಿದ್ದ ಅರಸ ದಾವೀದನಿಗೆ "ಆ ಮನುಷ್ಯ ನೀನೇ" ಅಂತ ಬೆರಳು ತೋರಿಸಿದಾಗ ದಾವೀದನಿಗೆ ಹೇಗಾಗಿರಬೇಕು ಅಂತ ಅವತ್ತು ಸ್ವಲ್ಪ ತಿಳಿಯಿತು. ಪ್ರಾಯಶ್ಚಿತ್ತವಾಗಿ ಗುರುಗಳು ಜಪ ಕೊಡಲಿಲ್ಲ. "ಪಾಸ್ಕದೊಳಗೆ ಅಣ್ಣನ ಹತ್ತಿರ ಮಾತಾಡಿ" ಅಂದರು. ಪಾಪವಿಮೋಚನೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪ ಮಾಡಿದ ಗಾಯವನ್ನು ನಾವೇ ಹೋಗಿ ಕಟ್ಟಬೇಕು ಅಂತ ಧರ್ಮಸಭೆ ಕಲಿಸುತ್ತದೆ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುವಿನ ಮುಂದೆ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದದ್ದು ಸುಮ್ನೆ ಅಲ್ಲ.

ಫೋನ್ ಮಾಡುವ ಮುಂಚೆ ನಾನು ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಯೇಸು ಹೇಳಿದ ಕಥೆಯಲ್ಲಿ ಅಪ್ಪನ ಆಸ್ತಿಯ ಪಾಲು ಹಾಳುಮಾಡಿದ ದುಂದುಗಾರ ಮಗನೂ ಹಾಗೇ ಮಾಡಿದ್ದ. ಹಂದಿ ಕಾಯುವ ಜಾಗದಲ್ಲಿ ಅವನಿಗೆ ಬುದ್ಧಿ ಬಂದಾಗ ಮೂರು ಮಾತು ಜೋಡಿಸಿಕೊಂಡ: ಅಪ್ಪಾ, ಪಾಪ ಮಾಡಿದೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳಾಗಿ ಇಟ್ಟುಕೋ. ಲೂಕನ 15ನೇ ಅಧ್ಯಾಯ ನಿಧಾನವಾಗಿ ಓದಿ. ಮನೆ ಇನ್ನೂ ದೂರ ಇದ್ದಾಗಲೇ ಅಪ್ಪ ಓಡಿ ಬಂದು ತಬ್ಬಿಕೊಂಡ. ಮಗ ಮೊದಲ ಎರಡು ಮಾತು ಹೇಳಿದ. ಮೂರನೆಯದು ಬರಲೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು, ಬಟ್ಟೆ ತನ್ನಿ, ಉಂಗುರ ತನ್ನಿ, ಅಡುಗೆಯಾಗಲಿ ಅನ್ನುತ್ತಿದ್ದ.

ನಾನು ಫೋನ್ ಮಾಡಿದ್ದು ಪವಿತ್ರ ಗುರುವಾರ ಮಧ್ಯಾಹ್ನ. ಚೀಟಿ ಕೈಯಲ್ಲಿತ್ತು, ಬೆವರಿಗೆ ಶಾಯಿ ಹರಡಿತ್ತು. ನಾಲ್ಕೈದು ಸಲ ರಿಂಗ್ ಆಯಿತು. "ಹಲೋ" ಅಂದ.

"ಅಣ್ಣಾ, ನಾನು. ಅವತ್ತು ಎಲ್ಲರ ಮುಂದೆ ನಾನು ಹಾಗೆ ಅನ್ನಬಾರದಿತ್ತು..."

ಆ ಕಡೆ ತುಂಬಾ ಹೊತ್ತು ಸದ್ದೇ ಇಲ್ಲ. ಫೋನ್ ಇಟ್ಟುಬಿಟ್ಟ ಅಂದುಕೊಂಡೆ.

"ಊಟ ಆಯ್ತೇನೋ?" ಅಂದ.

ಚೀಟಿಯಲ್ಲಿ ಇನ್ನೂ ನಾಲ್ಕು ಸಾಲು ಉಳಿದಿತ್ತು. ಅವನು ಹೇಳಲು ಬಿಡಲಿಲ್ಲ. ಆಮೇಲಿನ ತಿಂಗಳು ನಾನು ಹೋಗಿ, ಅವತ್ತು ಕೂತಿದ್ದ ನೆಂಟರ ಮನೆಮನೆಗೂ ಹೋಗಿ, ನಾನು ಆಡಿದ್ದು ಸುಳ್ಳು ಅಂತ ಹೇಳಿಬಂದೆ. ಅದು ಫೋನಿಗಿಂತ ಕಷ್ಟವಾಗಿತ್ತು. ಎಲ್ಲ ಮೊದಲಿನ ಹಾಗೇ ಆಯಿತು ಅಂತ ಹೇಳಲಾರೆ. ಕಳೆದುಹೋದ ಆರು ವರ್ಷ ಕಳೆದೇ ಹೋದವು. ಅಣ್ಣನ ಮಕ್ಕಳು ಬೆಳೆದದ್ದನ್ನು ನಾನು ನೋಡಲಿಲ್ಲ. ಆದರೆ ಈಗ ಅವನು ಭಾನುವಾರ ಫೋನ್ ಮಾಡುತ್ತಾನೆ.

ಆ ವರ್ಷದ ಪಾಸ್ಕ ಜಾಗರಣೆಯಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಕ ಬತ್ತಿ ಹಚ್ಚಿ, ಅದರಿಂದ ನಮ್ಮೆಲ್ಲರ ಬತ್ತಿ. ಬೂದಿಯಲ್ಲಿ ಶುರುವಾದದ್ದು ಬೆಂಕಿಯ ಹತ್ತಿರ ಬಂದು ನಿಂತಿತ್ತು. ನಲವತ್ತು ದಿನ ಬಾಯಿಗೆ ಬಾರದಿದ್ದ "ಅಲ್ಲೆಲೂಯ" ಹಾಡಿದರು. ಆಮೇಲೆ ಗುರುಗಳು ದೀಕ್ಷಾಸ್ನಾನದ ವಾಗ್ದಾನದ ಪ್ರಶ್ನೆಗಳನ್ನು ಕೇಳಿದರು. ಸೈತಾನನನ್ನು ತ್ಯಜಿಸುತ್ತೀರಾ? ಅವನ ಎಲ್ಲ ಕೆಲಸಗಳನ್ನು ತ್ಯಜಿಸುತ್ತೀರಾ? ಹಿಂದೆ ಎಷ್ಟೋ ಸಲ ಜನರ ಜೊತೆ ನಾನೂ ಉತ್ತರ ಹೇಳಿದ್ದೆ. ಆ ರಾತ್ರಿ "ತ್ಯಜಿಸುತ್ತೇನೆ" ಅಂದಾಗ, ಯಾವ ಕೆಲಸ ಅಂತ ನನಗೆ ಗೊತ್ತಿತ್ತು.